ಹಿತ್ತಲ ಬಾಗಿಲ ಕರೆ

ಬೆಳಗಿನಿಂದ ಸುಮಿರಾ ಚಾಕು ಮಸೆಯುತ್ತಿದ್ದಳು. ಅದು ತೀರಿಹೋದ ಅವ್ವನ ಚಾಕು. ಮಸೆದು ಮಸೆದು ಅಲಗು ಬಿದಿರೆಲೆಯಷ್ಟು ಸಣ್ಣಗಾಗಿತ್ತು. ಹಲಸಿನ ಮರದ ಹಿಡಿ ಅಂಗೈ ಬೆವರು ಕುಡಿದು ಕಪ್ಪಗಾಗಿತ್ತು. ಚಾಕು ಎಷ್ಟೇ ಹರಿತವಾಗಿದ್ದರೂ ಅವ್ವ ಹೆಚ್ಚುವುದು ದಪ್ಪಗೇ ಎಂದು ಊರೆಲ್ಲ ನಗುತ್ತಿತ್ತು. ನಕ್ಕರೂ ಅವಳನ್ನು ಕರೆಯುವುದನ್ನು ಮಾತ್ರ ಯಾರೂ ಬಿಟ್ಟಿರಲಿಲ್ಲ.

ನಮ್ಮ ಕಾಲಿವಾರು ಹಳ್ಳಿಯಲ್ಲಿ ಯಾರ ಮನೆಯಲ್ಲಿ ಮದುವೆಯಾಗಲಿ, ಸಾವಾಗಲಿ, ಊರ ಹೆಂಗಸರು ತಮ್ಮ ತಮ್ಮ ಚಾಕು, ತುರಿಮಣೆ ಹಿಡಿದು ಆ ಮನೆಯ ಹಿತ್ತಲಿಗೆ ಹೋಗುತ್ತಾರೆ. ಇದಕ್ಕೆ ರೆವಾಂಗ್ ಎಂದು ಹೆಸರು. ಕೂಲಿಯಿಲ್ಲ. ಇವತ್ತು ನಿನ್ನ ಮನೆ, ನಾಳೆ ನನ್ನ ಮನೆ, ಅಷ್ಟೆ. ಹಾಗೆಂದು ತಾವಾಗಿ ನುಗ್ಗುವಂತಿಲ್ಲ. ಕರೆಯುವವಳು ಹಿತ್ತಲ ಬಾಗಿಲಿಗೆ ಬಂದು, ತೋಳಿಗೆ ಬೆರಳು ತಾಗಿಸಿ, "ನಾಡಿದ್ದು ಬಾರೇ" ಎನ್ನಬೇಕು. ಮುಂಬಾಗಿಲಿಗೆ ಬಂದರೆ ಅದು ಬೇರೆ. ಅದು ಅತಿಥಿಗಳ ಕರೆ.

ಭಾನುವಾರ ಲಾಸ್ಮಿಯ ಮಗಳ ಮದುವೆ. ಲಾಸ್ಮಿ ಎಂದರೆ ಹಿಂದಿನ ಮನೆಯವಳು. ಅವಳೂ ಸುಮಿರಾಳೂ ಚಿಕ್ಕಂದಿನಲ್ಲಿ ಒಂದೇ ಕೋಲು ಹಿಡಿದು ಬಾತುಕೋಳಿ ಕಾದವರು. ಲಾವು ಬೆಟ್ಟದ ಬುಡದಿಂದ ಹೊಳೆಯ ತನಕ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಗದ್ದೆಗಳಲ್ಲಿ ಆ ಇಬ್ಬರ ಕಾಲು ತುಳಿಯದ ಬದುವಿಲ್ಲ. ಲಾಸ್ಮಿಯೇ ಕರೆಯದಿದ್ದರೆ ಇನ್ಯಾರು ಕರೆಯುತ್ತಾರೆ ಎಂದು ಸುಮಿರಾ ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡಷ್ಟೂ ಮಸೆಯುವ ಕೈ ಬಿರುಸಾಯಿತು. ಅವಳು ತೈವಾನಿನಿಂದ ಊರಿಗೆ ಮರಳಿ ವರ್ಷವಾಗಿತ್ತು. ಆ ವರ್ಷದಲ್ಲಿ ಊರಿನ ಹಿತ್ತಲುಗಳಲ್ಲಿ ಎಷ್ಟೋ ಒಲೆ ಹೊತ್ತಿದ್ದವು. ಒಂದಕ್ಕೂ ಅವಳಿಗೆ ಕರೆ ಬಂದಿರಲಿಲ್ಲ.

ಕರೆಯುವ ಕೆಲಸ ಜೊಯೊ ಅಜ್ಜಿಯದು. ಊರಿನ ಯಾವ ಮದುವೆಯಲ್ಲಾದರೂ ಅನ್ನದ ಹಬೆ ಎದ್ದದ್ದು ಸಾಕೋ ಬೇಕೋ ಹೇಳುವವಳು ಅವಳೇ. ಮುದುಕಿಯ ದನಿ ದೊಡ್ಡದು. ಅದು ಹಿತ್ತಲಿನಿಂದ ಹಿತ್ತಲಿಗೆ ದಾಟುವುದು ಸುಮಿರಾಳ ಕಿವಿಗೆ ಬೀಳುತ್ತಿತ್ತು. ಮೊದಲು ಮರಗೆಣಸಿನ ಪಾತಿಯ ಆಚೆ ಪಾಯಿನಿಯ ಮನೆ. ಅಲ್ಲಿ ಏನೋ ಪೋಲಿ ಮಾತಾಡಿ ಇಬ್ಬರೂ ಗೊಳ್ಳೆಂದು ನಕ್ಕರು. ಆಮೇಲೆ ಬಿದಿರು ಮೆಳೆಯ ಪಕ್ಕದ ಮನೆ. ಆಮೇಲೆ ಕೋಳಿಗಳು ಗಾಬರಿಯಾಗಿ ಕೂಗಿದವು. ದನಿ ಸುಮಿರಾಳ ಹಿತ್ತಲ ಗೋಡೆಯ ಹತ್ತಿರ ಬಂತು. ಅವಳು ಚಾಕು ಕೆಳಗಿಟ್ಟು ಎದ್ದು ನಿಂತಳು.

ದನಿ ಗೋಡೆಯ ಉದ್ದಕ್ಕೂ ನಡೆದು ದಾಟಿಹೋಯಿತು.

ಸ್ವಲ್ಪ ಹೊತ್ತಿಗೆ ಮುಂದಿನ ಕಬ್ಬಿಣದ ಗೇಟು ಸದ್ದಾಯಿತು. ಅಜ್ಜಿ ಅಲ್ಲಿ ನಿಂತಿದ್ದಳು. ಸೊಂಟದ ಎಲೆಯಡಿಕೆ ಚೀಲವನ್ನು ಎಲ್ಲೋ ಬಚ್ಚಿಟ್ಟು, ಕೈಯಲ್ಲಿ ಬಂಗಾರದ ಬಣ್ಣದ ಅಚ್ಚಿನ ಮದುವೆ ಕಾಗದ ಹಿಡಿದಿದ್ದಳು.

"ಬು, ಮನೇಲಿದ್ದೀರಾ?"

ನಮ್ಮಲ್ಲಿ ಬು ಎಂದು ಕರೆಯುವುದು ಸ್ಕೂಲಿನ ಮೇಡಮ್ಮನಿಗೆ, ಊರ ಮುಖ್ಯಸ್ಥರ ಹೆಂಡತಿಗೆ. ಸುಮಿರಾಳ ಮೂಗು ಒರೆಸಿ, ಕುಂಡೆಗೆ ಬಾರಿಸಿ ಬೆಳೆಸಿದವಳೇ ಈ ಅಜ್ಜಿ.

"ಬಾ ಅಜ್ಜಿ. ಹಿಂದ್ಗಡೆಯಿಂದ್ಲೇ ಬರೋದಲ್ವಾ?"

"ನಿಮ್ಮನೇಗೆ ಹಿಂದ್ಗಡೆ ಅನ್ನೋದು ಎಲ್ಲಿದೆ ತಾಯಿ?" ಅಜ್ಜಿ ನಗುತ್ತಲೇ ಅಂದಳು. "ಭಾನುವಾರ ಮದ್ವೆ. ದಯಮಾಡಿಸ್ಬೇಕು. ಮುಖ್ಯಸ್ಥರ ಹೆಂಡ್ತಿ ಪಕ್ಕದಲ್ಲೇ ನಿಮ್ ಕುರ್ಚಿ."

"ಅಡುಗೆಗೆ ಯಾರ್ಯಾರು ಬರ್ತಿದಾರೆ?"

"ಬೇಕಾದಷ್ಟು ಜನ ಇದಾರೆ. ನಿಮಗ್ಯಾಕೆ ಆ ಹೊಗೆ, ಆ ಕರಿ?"

ಅಜ್ಜಿಯ ಕಣ್ಣು ಒಳಗೆ ಹಾದು ಸಾಣೆಕಲ್ಲಿನ ಮೇಲಿದ್ದ ಚಾಕುವಿನ ಮೇಲೆ ಒಂದು ಗಳಿಗೆ ನಿಂತಿತು. ಅವಳು ತಲೆ ಬಗ್ಗಿಸಿ ಹೊರಟಳು.

ಸುಮಿರಾ ಮಸೆದ ಚಾಕುವನ್ನು ಬಟ್ಟೆಯಲ್ಲಿ ಸುತ್ತಿಟ್ಟಳು. ತಾನು ಮಾಡಿದ ತಪ್ಪಾದರೂ ಏನು? ಗಂಡ ಬಿಟ್ಟುಹೋದ. ಮಕ್ಕಳಿಲ್ಲ. ಯಾರಿಗೂ ಭಾರವಾಗಬಾರದೆಂದು ಪರದೇಶಕ್ಕೆ ಹೋಗಿ, ಯಾರದೋ ಮನೆಯ ಮುದುಕಿಯ ಮೈ ತೊಳೆಯುತ್ತ ಹರೆಯ ಕಳೆದಳು. ಆ ದುಡಿಮೆಯಲ್ಲಿ ಈ ಮನೆ ಎದ್ದಿತು. ಕಟ್ಟುವವನು ಫೋನಿನಲ್ಲಿ ಮುಂಭಾಗದ ಫೋಟೋ ಕಳಿಸುತ್ತಿದ್ದ: ಹಸಿರು ಟೈಲ್ಸು, ಎರಡು ಕಂಬ, ಗೇಟು. ಚೆನ್ನಾಗಿದೆ ಎಂದು ಅವಳು ಅಲ್ಲಿಂದಲೇ ಒಪ್ಪುತ್ತಿದ್ದಳು. ಹಿಂದೆ ಏನು ಕಟ್ಟಿದ್ದಾನೆಂದು ಅವನು ತೋರಿಸಲೂ ಇಲ್ಲ, ಇವಳು ಕೇಳಲೂ ಇಲ್ಲ. ಬಂದು ನೋಡಿದರೆ ಲಾಸ್ಮಿಯ ಅಡುಗೆಮನೆಗೂ ತನ್ನ ಅಡುಗೆಮನೆಗೂ ನಡುವೆ ಇದ್ದ ಕಾಲುದಾರಿಯ ಮೇಲೆ ಆಳೆತ್ತರದ ಗೋಡೆ, ಗೋಡೆಯ ಮೇಲೆ ಗಾಜಿನ ಚೂರು.

ಮನೆಯೊಕ್ಕಲಿನ ಹೊತ್ತಿಗೆ ಊರಲ್ಲಿ ನಾಟಿ ನಡೆದಿತ್ತು. ಮಂಡಿ ತನಕ ಕೆಸರಿನಲ್ಲಿರುವ ಹೆಂಗಸರಿಗೆ ಮತ್ತೆ ಒಲೆಯ ಕೆಲಸ ಯಾಕೆಂದು ಸುಮಿರಾ ಪೇಟೆಯಿಂದ ಊಟದ ಡಬ್ಬಿ ತರಿಸಿದಳು. ಎಲ್ಲರೂ ಮುಂಬಾಗಿಲಿನಿಂದ ಬಂದರು. ಪ್ಲಾಸ್ಟಿಕ್ ಚಮಚದಲ್ಲಿ ತಿಂದು, ತುಂಬಾ ರುಚಿ ಬು, ಎಂದು ಹೇಳಿ, ಬಂದಷ್ಟೇ ಬೇಗ ಹೋದರು. ತಾನು ಅವರಿಗೆ ಉಪಕಾರ ಮಾಡಿದೆ ಎಂದೇ ಅವಳು ಅಂದುಕೊಂಡಿದ್ದಳು. ಅವ್ವ ಸತ್ತ ಮೇಲಿನ ಸಾವಿರದ ದಿನ ಹತ್ತಿರ ಬರುತ್ತಿತ್ತು. ಗೋರಿಗೆ ಕಲ್ಲು ನಿಲ್ಲಿಸಿ ಊರಿಗೆ ಊಟ ಹಾಕುವ ದಿನ. ಅದಕ್ಕೂ ಅದೇ ಪೇಟೆಯವನಿಗೆ ಹೇಳಿ ಇಟ್ಟಿದ್ದಳು.

ಮನಸ್ಸು ತಡೆಯದೆ ಮರುದಿನ ಅವಳು ಇನ್ನೊಂದು ಕೆಲಸ ಮಾಡಿದಳು. ಕೆಟ್ಟ ಮೇಲೂ ಬುದ್ಧಿ ಬಾರದಿದ್ದರೆ ಹೀಗೇ ಆಗುವುದು. ಮದುವೆಮನೆಗೆ ಅಕ್ಕಿ, ಕಾಯಿ, ಸಕ್ಕರೆ ಕೊಡುವುದು ಎಲ್ಲರೂ ಮಾಡುವುದೇ. ಒಂದು ಬುಟ್ಟಿ ಸಾಕು. ಸುಮಿರಾ ಒಂದು ಸಣ್ಣ ಲಾರಿಯ ತುಂಬ ಕಳಿಸಿದಳು. ಅಕ್ಕಿ ಮೂಟೆ, ಎಣ್ಣೆ ಡಬ್ಬ, ತೆಂಗಿನಕಾಯಿ ರಾಶಿ, ಇವೆಲ್ಲದರ ಮೇಲೆ ಕಟ್ಟಿಹಾಕಿದ ಒಂದು ಹೋತ. ಲಾರಿ ಲಾಸ್ಮಿಯ ಅಂಗಳದಲ್ಲಿ ನಿಂತಾಗ ಚಪ್ಪರ ಹಾಕುತ್ತಿದ್ದ ಗಂಡಸರು ಬಿದಿರು ಕೆಳಗಿಟ್ಟು ನೋಡಿದರಂತೆ.

ಸಂಜೆಯಾಗುವ ಮುಂಚೆ ಲಾಸ್ಮಿಯೇ ಬಂದಳು. ಹೋತದ ಹಗ್ಗ ಅವಳ ಕೈಯಲ್ಲಿತ್ತು.

ನಮ್ಮೂರಿನವರು ಜಗಳವನ್ನು ಕೂಗಾಡಿ ಆಡುವುದಿಲ್ಲ, ಮರ್ಯಾದೆಯಿಂದ ಆಡುತ್ತಾರೆ. ಮರ್ಯಾದೆ ಹೆಚ್ಚಿದಷ್ಟೂ ಜಗಳ ದೊಡ್ಡದು. ಲಾಸ್ಮಿ ಚಪ್ಪಲಿ ಬಿಟ್ಟು, ಸೊಂಟ ಬಗ್ಗಿಸಿ, ಬಲು ಮೆಲ್ಲಗೆ ಮಾತು ತೆಗೆದಳು.

"ನಿಮ್ಮ ಮನಸ್ಸು ದೊಡ್ಡದು ಬು. ನಮ್ಮ ಕೊಟ್ಟಿಗೆ ಸಣ್ಣದು. ಒಂದು ಬುಟ್ಟಿ ಅಕ್ಕಿ ಇಟ್ಕೊಂಡಿದೀನಿ. ಮಿಕ್ಕಿದ್ದನ್ನ ಹುಡುಗ್ರು ತಂದಿಳಿಸ್ತಾರೆ."

"ಲಾಸ್ಮಿ, ನಿನ್ನ ಮಗಳು ನನ್ನ ಮಗಳಲ್ವೇನೇ?"

"ನಾವು ಹೊಲಗದ್ದೆ ಜನ. ಇಸ್ಕೊಂಡದ್ದನ್ನ ತಿರುಗಿ ಕೊಡ್ಬೇಕು. ನಿಮ್ಮನೇಲಿ ಮದ್ವೆ ಇಲ್ಲ, ಸುನ್ನತಿ ಇಲ್ಲ. ನಾನು ಯಾವತ್ತು ತೀರಿಸ್ಲಿ? ನೀವು ಸತ್ತಾಗ ತಂದು ಹಾಕ್ಲಾ?"

ತಾನು ಕೊಟ್ಟದ್ದು ಬಿಸಿ ತುಪ್ಪ, ನುಂಗುವುದಕ್ಕೂ ಆಗದ್ದು ಉಗುಳುವುದಕ್ಕೂ ಆಗದ್ದು ಎಂದು ಸುಮಿರಾಳಿಗೆ ಹೊಳೆದಿರಲೇ ಇಲ್ಲ. ಹೋತ ಟೈಲ್ಸಿನ ಮೇಲೆ ಜಾರಿ, ಸಾವರಿಸಿಕೊಂಡು, ಹಿಕ್ಕೆ ಹಾಕಿತು.

"ತಪ್ಪು ತಿಳ್ಕೋಬೇಡ. ನೀನು ನಮ್ಮವ್ವನಿಗೆ ಎಷ್ಟು ಮಾಡಿದ್ದೀಯ. ನಾನು ಇರಲಿಲ್ಲ. ಅದಕ್ಕೇ..."

ಆ ಮಾತು ಹೇಳಬಾರದಿತ್ತು. ಲಾಸ್ಮಿ ನೆಟ್ಟಗೆ ನಿಂತಳು. ಮರ್ಯಾದೆಯೆಲ್ಲ ಒಂದೇ ಸಲ ಕಳಚಿಬಿತ್ತು.

"ಅದಕ್ಕೇನೇ? ಓಹೋ, ಕೂಲಿನಾ ಇದು? ನಿಮ್ಮವ್ವನ ಹೆಣ ತೊಳ್ದಿದ್ದಕ್ಕೆ ಒಂದು ಹೋತ, ನಲವತ್ತನೇ ದಿನದ ಊಟ ಹಾಕಿದ್ದಕ್ಕೆ ಎರಡು ಡಬ್ಬ ಎಣ್ಣೆ? ಲಾರಿ ಮೇಲೆ ಹೇರ್ಕೊಂಡು ಬಂದು ಊರೆದುರಿಗೆ ಕೊಡ್ತೀಯಾ?"

"ಅಯ್ಯೋ, ಹಂಗಲ್ಲ ಕಣೇ!"

"ನಿಮ್ಮವ್ವ ಈ ಗೋಡೆ ಎದ್ದಾಗ ಏನಂದ್ಲು ಗೊತ್ತಾ? ಈ ಗೋಡೆ ನನ್ನ ಒಲೆಗೆ ಕೆಂಡ ಕೊಡುತ್ತಾ ಅಂದ್ಲು. ಸುತ್ತು ಹಾಕ್ಕೊಂಡು ಬರೋಳು ಮುದುಕಿ, ಒಂದು ಚಿಪ್ಪು ಕೆಂಡಕ್ಕೆ. ನಿನ್ನ ಮನೆಯೊಕ್ಕಲಿಗೆ ನಾನೂ ಚಾಕು ಮಸ್ಕೊಂಡು ಕೂತಿದ್ದೆ ಸುಮಿರಾ. ಪಾಯಿನಿನೂ ಕೂತಿದ್ಲು. ಇವತ್ತು ಕರೀತಾಳೆ, ನಾಳೆ ಕರೀತಾಳೆ ಅಂತ. ಕೊನೇಗೆ ಬಂದಿದ್ದೇನು? ಡಬ್ಬಿ! ಈಗ ಸಾವಿರದ ದಿನಕ್ಕೂ ಡಬ್ಬಿನೇ ಹೇಳಿದ್ದೀಯಂತೆ. ಹಾಕು. ನಮ್ಮ ಕೈ ನಿಂಗೆ ಅಷ್ಟು ಕೊಳಕಾಗಿದ್ರೆ ಹಾಕು."

ಹಗ್ಗವನ್ನು ಕಂಬಕ್ಕೆ ಸುತ್ತಿ ಅವಳು ಹೊರಟುಹೋದಳು. ನೀನು ಎಂದಳಲ್ಲ, ಹೆಸರು ಹಿಡಿದು ಕರೆದಳಲ್ಲ ಎಂದು ಸುಮಿರಾಳಿಗೆ ಆ ನೋವಿನಲ್ಲೂ ಒಂದು ಕ್ಷಣ ಹಿತವಾಯಿತು. ಆಮೇಲೆ ಹುಡುಗರು ಬಂದು ಮೂಟೆಗಳನ್ನು ಇಳಿಸಿದರು. ಒಬ್ಬನೂ ತಲೆಯೆತ್ತಿ ನೋಡಲಿಲ್ಲ.

ಮಸೀದಿಯಲ್ಲಿ ಸಂಜೆಯ ಕರೆಯಾಯಿತು. ಬೆಟ್ಟದಿಂದ ಮಂಜು ಇಳಿದು ಹೊಗೆಸೊಪ್ಪಿನ ಹೊಲಗಳನ್ನು ಮುಚ್ಚಿತು. ಗೋಡೆಯ ಆಚೆ ಒಲೆಗಳು ಹೊತ್ತಿಕೊಂಡವು. ಹೊಗೆ ಗೋಡೆ ಹತ್ತಿ ಈಚೆ ಬಂತು. ಹೊಗೆಗೆ ಯಾರ ಕರೆಯೂ ಬೇಕಾಗಿರಲಿಲ್ಲ. ಕಾಯಿ ಒಡೆಯುವ ಸದ್ದು, ಯಾರೋ ಹಾಡು ಎತ್ತಿಕೊಂಡದ್ದು, ಅಜ್ಜಿಯ ಬೈಗುಳ, ನಗು. ಸುಮಿರಾ ಒಂದು ಹಿಡಿ ಅಕ್ಕಿ ಬೇಯಿಸಿಕೊಂಡು ಹೋತದ ಪಕ್ಕ ಕೂತು ಉಂಡಳು. ಪರದೇಶದಲ್ಲಿ ಹೀಗೆ ಒಬ್ಬಳೇ ಉಣ್ಣುವಾಗ, ಊರಿಗೆ ಹೋದರೆ ಸರಿಹೋಗುತ್ತದೆ ಎಂಬ ಒಂದು ಆಸೆಯಾದರೂ ಇತ್ತು. ಈಗ ಹೋಗುವುದಕ್ಕೆ ಇನ್ಯಾವ ಊರೂ ಉಳಿದಿರಲಿಲ್ಲ. ಅವಳು ಅತ್ತಳು. ಹೋತ ಅವಳ ತಟ್ಟೆಗೆ ಬಾಯಿ ಹಾಕಿತು, ಅವಳು ಬೇಡವೆನ್ನಲಿಲ್ಲ.

ಬೆಳಕು ಹರಿದ ಮೇಲೆ ಹಳೆಯ ಸೀರೆಯಂಥ ಬಟ್ಟೆಯೊಂದನ್ನು ಸೊಂಟಕ್ಕೆ ಸುತ್ತಿ, ಚಾಕು ಸಿಕ್ಕಿಸಿ, ಗೇಟು ತೆಗೆದು ಹೊರಟಳು. ತೋಡಿನ ದಂಡೆ ಹಿಡಿದು, ಬಿದಿರು ಮೆಳೆ ಸುತ್ತಿ, ಮುದುಕಿ ಅವ್ವ ಕೆಂಡಕ್ಕೆ ಹೋಗುತ್ತಿದ್ದ ಅದೇ ಸುತ್ತುದಾರಿಯಲ್ಲಿ ಲಾಸ್ಮಿಯ ಹಿತ್ತಲಿಗೆ ಬಂದಳು. ದಾರಿ ಇಷ್ಟು ಉದ್ದವೆಂದು ಅವಳಿಗೆ ಗೊತ್ತಿರಲಿಲ್ಲ.

ಹಿತ್ತಲ ತುಂಬ ಹೆಂಗಸರು ಚಾಪೆಯ ಮೇಲೆ ಕಾಲು ಚಾಚಿ ಕೂತಿದ್ದರು. ಸೋಯಾ ಕಾಳನ್ನು ಎಲೆಯಲ್ಲಿ ಕಟ್ಟಿ ಹುದುಗಿಸಿದ ಟೆಂಪೆಯ ಅಚ್ಚುಗಳು ನಡುವೆ ರಾಶಿ ಬಿದ್ದಿದ್ದವು. ಪಾಯಿನಿ ತನ್ನ ಗಂಡನ ಗೊರಕೆಯನ್ನು ಅಣಕಿಸಿ ತೋರಿಸುತ್ತಿದ್ದಳು. ಸುಮಿರಾಳನ್ನು ಕಂಡದ್ದೇ ಗೊರಕೆ ಅರ್ಧಕ್ಕೆ ನಿಂತಿತು. ಚಾಚಿದ ಕಾಲುಗಳೆಲ್ಲ ಒಳಕ್ಕೆ ಸರಿದವು.

"ಬು ಬಂದ್ರು. ಕುರ್ಚಿ ತಗೊಂಬನ್ರೇ."

ಯಾರೋ ಓಡಿಹೋಗಿ ಚಪ್ಪರದಿಂದ ಕೆಂಪು ಪ್ಲಾಸ್ಟಿಕ್ ಕುರ್ಚಿ ತಂದರು. ಬಟ್ಟೆಯ ಅಂಚಿನಿಂದ ಒರೆಸಿ ಇಟ್ಟರು. ಎಲ್ಲರೂ ನೆಲದ ಮೇಲೆ. ನಡುವೆ ಆ ಒಂದು ಕುರ್ಚಿ. ಬೇಡವೆಂದರೆ ಅದೂ ಅವಮಾನ. ಸುಮಿರಾ ಕೂತಳು. ಒಬ್ಬಳು ಸಿಹಿ ಚಹಾ ತಂದು ಎರಡು ಕೈಯಲ್ಲಿ ಕೊಟ್ಟಳು. ಚಾಕುಗಳು ಮಾತ್ರ ಹಲಗೆಯ ಮೇಲೆ ಆಡುತ್ತಿದ್ದವು. ಲಾಸ್ಮಿ ಒಲೆಯ ಕಡೆ ಮುಖ ಮಾಡಿ ನಿಂತಿದ್ದಳು, ತಿರುಗಲೇ ಇಲ್ಲ.

ಸುಮಿರಾ ಚಹಾದ ಲೋಟ ಕೆಳಗಿಟ್ಟು ಎದ್ದಳು. ಮೊದಲು ಪಾಯಿನಿಯ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತು, ತೋಳಿಗೆ ಬೆರಳು ತಾಗಿಸಿದಳು.

"ಪಾಯಿನಿ, ಮುಂದಿನ ತಿಂಗಳು ನಮ್ಮವ್ವನ ಸಾವಿರದ ದಿನ. ನಂಗೆ ಊರಿಗಾಗೋಷ್ಟು ಅನ್ನ ಮಾಡೋಕೆ ಬರಲ್ಲ. ಚಾಕು ತಗೊಂಡು ಬಾರೇ."

ಪಾಯಿನಿ ತಲೆ ಬಗ್ಗಿಸಿ ಹೆಚ್ಚುತ್ತಲೇ ಇದ್ದಳು. ಸುಮಿರಾ ಪಕ್ಕದವಳ ಹತ್ತಿರ ಹೋದಳು. ಅದೇ ಬೆರಳು, ಅದೇ ಮಾತು. ಒಬ್ಬೊಬ್ಬರನ್ನೇ ಮುಟ್ಟುತ್ತ ಹೋದಳು. ಕೊನೆಗೆ ಅಜ್ಜಿಯ ಮುಂದೆ ಕೂತು ತೋಳು ಮುಟ್ಟಿದಳು.

"ಅಜ್ಜಿ, ನನ್ನ ಮನೇಗೆ ಹಿತ್ತಲ ಬಾಗಿಲಿಲ್ಲ. ಇಲ್ಲೇ ಬಂದು ಕರೀಬೇಕಾಯ್ತು. ಗೋಡೆ ಒಡೆಸ್ತೀನಿ."

ಅಜ್ಜಿ ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿದಳು.

"ಊರಿಗೆ ಬಂದೋಳು ನೀರಿಗೆ ಬರ್ದೆ ಇರ್ತಾಳಾ ಅಂತ ನಾನೂ ಕಾಯ್ತಿದ್ದೆ. ಒಡೆಯೋ ಗಂಡಸ್ರಿಗೆ ಊಟ ಯಾರು ಹಾಕ್ತಾರೆ, ಆ ಡಬ್ಬಿಯೋನಾ?"

ಯಾರೋ ಕಿಸಕ್ಕೆಂದರು. ಅಷ್ಟರಲ್ಲೇ ಅದೂ ಅಡಗಿತು, ಯಾಕೆಂದರೆ ಲಾಸ್ಮಿ ಒಲೆಯಿಂದ ಈಚೆ ಬರುತ್ತಿದ್ದಳು. ಉಳಿದವಳು ಅವಳೊಬ್ಬಳೇ. ಸುಮಿರಾ ಎದ್ದು ನಿಂತು ಬೆರಳು ಚಾಚಿದಳು. ಲಾಸ್ಮಿ ಆ ಬೆರಳಿಗೆ ಸಿಗದೆ ಪಕ್ಕದಲ್ಲೇ ಹಾದು ಹೋದಳು. ಕೆಂಪು ಕುರ್ಚಿಯನ್ನು ಒಂದು ಕೈಯಲ್ಲಿ ಎತ್ತಿ, ಚಪ್ಪರದಲ್ಲಿದ್ದ ಗಂಡಸರ ಕಡೆ ಎಸೆದಂತೆ ಇಟ್ಟು ಬಂದಳು. ಬರುವಾಗ ಟೆಂಪೆಯ ಒಂದು ಅಚ್ಚನ್ನು ಕಾಲಲ್ಲಿ ಸುಮಿರಾಳ ಕಡೆ ತಳ್ಳಿ, ಮತ್ತೆ ಒಲೆಗೆ ಹೋದಳು.

ಚಾಪೆಯ ಮೇಲೆ ಯಾರೂ ಸರಿದು ಜಾಗ ಮಾಡಲಿಲ್ಲ. ಹೊಗೆ ನೇರ ಮುಖಕ್ಕೆ ಹೊಡೆಯುವ, ಹೊಸ ಸೊಸೆಯರು ಕೂರುವ ಮೂಲೆಯೊಂದು ಖಾಲಿಯಿತ್ತು. ಸುಮಿರಾ ಅಲ್ಲಿ ನೆಲಕ್ಕೆ ಕೂತು, ಸೊಂಟದಿಂದ ಅವ್ವನ ಚಾಕು ತೆಗೆದು, ಎಲೆ ಬಿಚ್ಚಿ ಹೆಚ್ಚಲು ಹಿಡಿದಳು. ಪಾಯಿನಿಯ ಬಾಯಲ್ಲಿ ಗಂಡನ ಗೊರಕೆ ಮೆಲ್ಲಗೆ ಮತ್ತೆ ಶುರುವಾಯಿತು.

"ಸುಮಿರಾ," ಅಜ್ಜಿ ದೂರದಿಂದಲೇ ಗದರಿದಳು, "ಸಣ್ಣಗೆ ಹೆಚ್ಚೇ. ನಿಮ್ಮವ್ವನ ಥರ ಮಾಡಬೇಡ."