ಎಡಮಂಡಿಯ ಕಲೆ

ಹೊಸ ಜೀನ್ಸ್ ಪ್ಯಾಂಟುಗಳನ್ನು ಹೊಡೆದು ಬಡಿದು ಹಳೆಯದು ಮಾಡುವ ಕಾರ್ಖಾನೆ ಅದು. ಗಾಳಿ ತುಂಬಿದ ರಬ್ಬರ್ ಕಾಲುಗಳಿಗೆ ಪ್ಯಾಂಟು ತೊಡಿಸಿ, ಎಮರಿ ಪೇಪರಿನಿಂದ ತೊಡೆ ಉಜ್ಜುವವರದು ಒಂದು ಸಾಲು. ಬ್ಲೀಚು ನೀರು, ಕಲ್ಲುಗಳ ಜೊತೆ ಡ್ರಮ್ಮಿಗೆ ಹಾಕಿ ಗಿರಗಿರನೆ ತಿರುಗಿಸುವವರು ಆಚೆ ಮೂಲೆಯಲ್ಲಿ. ಮಂಡಿ ಸೀಳುವ ಕೆಲಸ ಅವಳದು. ಹದಿನಾಲ್ಕು ವರ್ಷದಿಂದ ಸೀಳುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅವಳು ಬ್ಲೇಡಕ್ಕ. ತಾವೇ ತೊಟ್ಟು ಹರಿಯಲು ಪುರುಸೊತ್ತಿಲ್ಲದ ದುಡ್ಡಿನವರಿಗೆ ಅವಳು ಹರಿದುಕೊಡುತ್ತಿದ್ದಳು.

ಹೊಸ ಮಾದರಿ ಬಂದಾಗಲೆಲ್ಲ ಅಲ್ಲೊಂದು ರೂಢಿ. ಯಾರೋ ನಿಜವಾಗಿ ದುಡಿದು ಸವೆಸಿದ ಒಂದು ಪ್ಯಾಂಟನ್ನು ಗೋಡೆಯ ಮೊಳೆಗೆ ನೇತುಹಾಕುವುದು, ಅದನ್ನು ನೋಡಿ ನೂರಾರು ನಕಲು ಇಳಿಸುವುದು. ಅದಕ್ಕೆ 'ತಾಯಿ ಪೀಸು' ಎನ್ನುತ್ತಿದ್ದರು. ಆ ಸೋಮವಾರ ಬೆಳಿಗ್ಗೆ ತಾಯಿ ಪೀಸನ್ನು ಕಂಡು ಬ್ಲೇಡಕ್ಕ ಬಾಗಿಲಲ್ಲೇ ನಿಂತಳು. ಮೊಳೆಯಲ್ಲಿ ನೇತಾಡುತ್ತಿದ್ದದ್ದು ಅಪ್ಪನ ಪ್ಯಾಂಟು.

ಅಪ್ಪ ಕಲ್ಲು ಕ್ವಾರಿಯ ಕೂಲಿ. ಆ ಕಾಲದಲ್ಲಿ ಆ ಒರಟು ನೀಲಿ ಬಟ್ಟೆ ತೊಟ್ಟವನು ಕೂಲಿಯವನೇ, ಬೇರೆ ಮಾತಿಲ್ಲ. ಅಂಥವನನ್ನು ಹೋಟೆಲಿನವನು ಒಳಗೆ ಕೂರಲು ಬಿಡುತ್ತಿರಲಿಲ್ಲ. ಕೂಲಿ ಹೆಚ್ಚಿಸಿ ಎಂದು ಗೇಟಿನ ಮುಂದೆ ಕೂತ ದಿನ ಮಾಲೀಕನ ಕಡೆಯವರು ಹಾರೆ ಹಿಡಿದು ಬಂದರು. "ನೀಲಿ ಪ್ಯಾಂಟು ಕಂಡ್ರೆ ಬಿಡಬೇಡ್ರೋ!" ಗುರುತಿಗೆ ಅಷ್ಟು ಸಾಕಾಗಿತ್ತು. ಓಡುತ್ತಿದ್ದವರನ್ನು ಅಟ್ಟಿಸಿಕೊಂಡು ಹೋಗಿ ಬಡಿದರು, ಬಿದ್ದವರ ಮೇಲೆ ಹತ್ತಿ ತುಳಿದರು. ಅಪ್ಪನ ಎಡಮಂಡಿಗೆ ಮೂರು ಏಟು. ಮೂರನೆಯದಕ್ಕೆ ಮೂಳೆ ಬಟ್ಟೆಯನ್ನು ಸೀಳಿಕೊಂಡು ಹೊರಬಂತು. ಬುತ್ತಿ ಕೊಡಲು ಹೋಗಿದ್ದ ಒಂಬತ್ತು ವರ್ಷದ ಅವಳು ಅದನ್ನು ಕಣ್ಣಾರೆ ಕಂಡಿದ್ದಳು. ಕಾಲು ಜಾರಿ ಬಿದ್ದಿದ್ದಾನೆ ಎಂದು ಬರೆದು ಪೊಲೀಸರು ಕೇಸು ಮುಚ್ಚಿದರು. ಅಪ್ಪ ಆ ಪ್ಯಾಂಟನ್ನು ಒಗೆಯಲು ಬಿಡಲಿಲ್ಲ. "ಹೊಡೆದ್ರು ಅನ್ನೋದಕ್ಕೆ ಇದೊಂದೇ ಉಳಿದಿರೋದು," ಎಂದು ಟ್ರಂಕಿನಲ್ಲಿಟ್ಟ. ಮೂರನೆಯ ಮಹಡಿಯ ಮನೆ ಬಿಟ್ಟು ಅವನು ಮತ್ತೆ ಕೆಳಗಿಳಿಯಲೇ ಇಲ್ಲ.

ಡ್ರಮ್ಮು ತಿರುಗಿಸುವ ತಮ್ಮನ ಕೊರಳಪಟ್ಟಿಗೇ ಅವಳು ಕೈ ಹಾಕಿದಳು. "ನೀನಾ ತಂದಿದ್ದು?"

ಏಟು ಬಿದ್ದ ದಿನ ತಮ್ಮ ಇನ್ನೂ ತೊಟ್ಟಿಲಲ್ಲಿದ್ದ. "ತೊಡೆ ಸವೆದಿರೋದು ನೋಡಕ್ಕ, ನಾವು ಸಾಯೋವರೆಗೂ ಉಜ್ಜಿದ್ರೂ ಹಿಂಗೆ ಬರಲ್ಲ. ಒಂದು ವಾಶ್ ಕೊಟ್ಟು ಫೋಟೋ ತೆಗೀತಾರೆ, ಸಂಜೆಗೆ ವಾಪಸ್." ಕಸುಬು ಕಲಿತ ಕಣ್ಣು ಕುರುಡಾಗುವುದು ಹೀಗೆಯೇ. ಅವನಿಗೆ ಕಂಡದ್ದು ಸವೆತ ಮಾತ್ರ.

ಅಷ್ಟರಲ್ಲಿ ಸೂಪರ್‌ವೈಸರ್ ಬಂದ. ತಾನು ತೊಡುವ ಹರಿದ ಜೀನ್ಸಿಗೂ ಗೆರೆ ಮೂಡುವಂತೆ ಇಸ್ತ್ರಿ ಹಾಕಿಸುತ್ತಿದ್ದ ಅವನನ್ನು ಬೆನ್ನ ಹಿಂದೆ ಎಲ್ಲರೂ ಇಸ್ತ್ರಿ ಎಂದೇ ಕರೆಯುತ್ತಿದ್ದರು. ಮಂಡಿಯ ಕಂದು ಕಲೆಯ ಮೇಲೆ ಬೆರಳಾಡಿಸಿ ಅವನು ತಲೆದೂಗಿದ.

"ಆಹಾ, ಈ ಕಲೆ ಮಾಡಿರೋ ಕೈಗೆ ಚಿನ್ನದ ಕಡಗ ತೊಡಿಸ್ಬೇಕು. ಯಾವ ಬಣ್ಣ ಇದು?"

"ಬಣ್ಣ ಅಲ್ಲ ಸಾರ್. ನಮ್ಮಪ್ಪನ ರಕ್ತ."

"ಒಳ್ಳೇ ಕಥೆ! ಪ್ಯಾಂಟಿಗೆ ಕಟ್ಟೋ ಚೀಟೀಲಿ ಅಚ್ಚು ಹಾಕ್ಸೋಣ. ಐನೂರು ಪೀಸು, ಎಡಮಂಡಿ ಹೀಗೇ ಸೀಳಬೇಕು. ಶುರು ಮಾಡು."

"ನನ್ನ ಕೈಲಿ ಆಗಲ್ಲ. ಪ್ಯಾಂಟು ಕೊಡಿ."

ಫೋಟೋಗೆ ಮುಂಚಿನ ವಾಶ್ ಕೊಡಲು ಇಸ್ತ್ರಿ ಪ್ಯಾಂಟನ್ನು ಮೊಳೆಯಿಂದ ಕಿತ್ತುಕೊಂಡು ಡ್ರಮ್ಮಿನ ಕಡೆ ನಡೆದ. ಅವಳು ಪ್ಯಾಂಟಿನ ಬಲಗಾಲನ್ನು ಹಿಡಿದೆಳೆದಳು. ಅವನು ಅವಳ ಹೊಟ್ಟೆಗೆ ಒದ್ದ. ಅವಳು ಬಿಡಲಿಲ್ಲ. ಕೆನ್ನೆಗೆ ಬಾರಿಸಿದ, ತುಟಿ ಒಡೆದು ಬಾಯೆಲ್ಲ ಉಪ್ಪುಪ್ಪಾಯಿತು, ಆದರೂ ಹಿಡಿತ ಸಡಿಲಿಸಲಿಲ್ಲ. ಇಪ್ಪತ್ತೆರಡು ವರ್ಷದ ಹಳೆಯ ಬಟ್ಟೆ ಚರ್ರನೆ ನಡುವೆ ಹರಿದು ಇಬ್ಭಾಗವಾಯಿತು.

"ಇನ್ನೂ ಚೆನ್ನಾಯ್ತು!" ಎಂದು ನಗುತ್ತ ಅವನು ತನ್ನ ಕೈಗೆ ಬಂದ ಎಡಗಾಲನ್ನು ಡ್ರಮ್ಮಿಗೆಸೆದು ಗುಂಡಿ ಒತ್ತಿದ. ಒಳಗೆ ಕಲ್ಲುಗಳು ಧಡಧಡನೆ ಅಪ್ಪನ ಮಂಡಿಯ ಮೇಲೆ ಬೀಳತೊಡಗಿದವು.

ಬ್ಲೇಡಕ್ಕನಿಗೆ ಅಂಥ ಸಿಟ್ಟು ಹುಟ್ಟಿದ್ದು ಜನ್ಮದಲ್ಲಿ ಅದೇ ಮೊದಲು. ಸೊಂಟಕ್ಕೆ ಸಿಕ್ಕಿಸಿದ್ದ ಬ್ಲೇಡು ತೆಗೆದು ಬಗ್ಗಿ, ಅವನ ಎಡಮಂಡಿಗೆ ಇಳಿಸಿ ಅಡ್ಡಕ್ಕೆ ಎಳೆದಳು. ಹದಿನಾಲ್ಕು ವರ್ಷದ ಕೈ, ಅಳತೆ ತಪ್ಪಲಿಲ್ಲ. ಇಸ್ತ್ರಿ ಅರಚುತ್ತ ನೆಲಕ್ಕುರುಳಿದ. ಅವನ ಪ್ಯಾಂಟಿನ ಬಿಳಿ ಎಳೆಗಳು ಒಂದೊಂದಾಗಿ ಕೆಂಪಾದವು. ತಮ್ಮ ಓಡಿಬಂದು ಡ್ರಮ್ಮು ನಿಲ್ಲಿಸಿ ಎಡಗಾಲನ್ನು ಹೊರಗೆಳೆದ. ನೆಲದ ಮೇಲಿನ ರಕ್ತವನ್ನೂ ಕೈಯಲ್ಲಿದ್ದ ಬಟ್ಟೆಯನ್ನೂ ನೋಡಿದ ಮೇಲೆ ಅಪ್ಪ ಅದನ್ನು ಒಗೆಯಲು ಬಿಡದಿದ್ದುದೇಕೆಂದು ಅವನಿಗೆ ಅರ್ಥವಾಯಿತು. ಆದರೆ ಕಲೆ ಹೋಗಿತ್ತು.

ಎರಡು ತುಂಡುಗಳನ್ನೂ ಎದೆಗವಚಿಕೊಂಡು ಅವಳು ಮನೆಯ ಮೂರು ಮಹಡಿ ಹತ್ತಿದಳು. ಅಪ್ಪ ಒದ್ದೆ ಬಟ್ಟೆಯನ್ನು ತೊಡೆಯ ಮೇಲೆ ಹರವಿಕೊಂಡು, ಕಲೆಯಿದ್ದ ಜಾಗವನ್ನು ಹೆಬ್ಬೆರಳಿನಿಂದ ತಡವಿದ. ಬೈಯಲಿಲ್ಲ.

"ಯಾರಮ್ಮಾ ತೊಳೆದಿದ್ದು?"

"ಸೂಪರ್‌ವೈಸರ್. ಅವನ ಮಂಡಿ ಸೀಳಿ ಬಂದೆ ಅಪ್ಪ."

"ಏನು ಹಾಕ್ಕೊಂಡಿದ್ದ?"

"ಇದೇ, ಜೀನ್ಸು. ಮಂಡೀಲಿ ಹರಿದಿದ್ದು."

"ಸೂಪರ್‌ವೈಸರ್ ಅಂದೆಯಲ್ಲ?"

"ಈಗ ಎಲ್ಲರೂ ಹಾಕ್ತಾರಪ್ಪ. ಮಾಲೀಕನೂ ಹಾಕ್ತಾನೆ, ಅವನ ಮಗಳೂ ಹಾಕ್ತಾಳೆ."

ಅಪ್ಪ ಎರಡು ತುಂಡುಗಳನ್ನೂ ಒಂದಕ್ಕೊಂದು ಜೋಡಿಸಿಟ್ಟ. ಆಮೇಲೆ ನಿಜಕ್ಕೂ ತಿಳಿಯದೆ ಕೇಳಿದ, "ಹಾಗಾದ್ರೆ ಯಾರನ್ನ ಹೊಡೀಬೇಕು ಅಂತ ಅವರಿಗೆ ಹೇಗೆ ಗೊತ್ತಾಗುತ್ತೆ ಮಗಳೇ?"

ಮೆಟ್ಟಿಲ ಮೇಲೆ ಪೊಲೀಸರ ಬೂಟುಗಳ ಸದ್ದು ಎರಡನೆಯ ಮಹಡಿ ದಾಟಿತ್ತು. ಅವಳು ಬಾಗಿಲಿಗೆ ಅಡ್ಡಲಾಗಿ, ಅಪ್ಪನ ಕಾಲುಗಳನ್ನು ಮರೆಮಾಡಿಕೊಂಡು ಕೂತಳು.