ಟಿಬಿಗೆ ಯಾವ ತವರು?

ಅವಲಪಲ್ಲಿಯ ನಾಗವೇಣಿಗೆ ಟಿಬಿ, ಅಂದರೆ ಕ್ಷಯ, ಬಂತು. ಗಂಡ ಲಕ್ಷ್ಮೀಪತಿಯ ಕಂಪನಿ ಕೆಲಸ ಹೋದ ಮೇಲೆ ಗುಲಾಬಿ ತೋಟದಲ್ಲಿ ಹೂ ಕೊಯ್ದು ಮನೆ ನಡೆಸಿದವಳು ಅವಳೇ. ಆಗ ಅವಳ ಕೈಯಡುಗೆ ಎಲ್ಲರಿಗೂ ರುಚಿಸುತ್ತಿತ್ತು. ಕಾಯಿಲೆ ಬಿದ್ದ ಮೇಲೆ ಅವಳ ತಟ್ಟೆ ಬೇರೆ, ಚಾಪೆ ಕಿಟಕಿಯಿಲ್ಲದ ಕೊಟ್ಟಿಗೆಯಲ್ಲಿ. ಇದು ಯಾವ ಸೀಮೆ ನ್ಯಾಯ?

ಗಾಯದ ಮೇಲೆ ಬರೆ ಎಂಬಂತೆ, ಒಂದು ಬೆಳಿಗ್ಗೆ ಅತ್ತೆ ಬೈರಮ್ಮ ಸೊಸೆಯ ಬಟ್ಟೆಗಳನ್ನು ಗಂಟು ಕಟ್ಟಿದಳು. ಗುಮ್ಮಳಾಪುರದ ತವರಿಗೆ ಬಿಟ್ಟು ಬರಲು ಲಕ್ಷ್ಮೀಪತಿ ಬೈಕ್ ಹೊರಗೆ ತೆಗೆದ. ಪಕ್ಕದ ಮನೆಯ ಶಶಿರೇಖಾ ಅಡ್ಡ ನಿಂತಳು. ಅವಳೂ ಹಿಂದೆ ಟಿಬಿ ಬಂದು ವಾಸಿಯಾದವಳು.

"ಎಲ್ಲಿಗ್ಲಾ ಹೊಂಟೆ?"

"ಅವಳ ತವರಿಗೆ ಕಣಮ್ಮ. ಮೈ ಸರಿಯಿಲ್ದಿದ್ರೆ ಸೊಸೇನ ತವರಿಗೆ ಕಳ್ಸೋದು ನಮ್ಮ ಪದ್ಧತಿ," ಎಂದಳು ಬೈರಮ್ಮ.

"ಬಾಣಂತನಕ್ಕೆ ತವರು ಸರಿ. ಟಿಬಿಗೆ ಯಾವ ತವರು? ದುಡಿಯೋವಾಗ ನಿಮ್ಮವಳು, ಕೆಮ್ಮೋವಾಗ ಅವರವಳಾ? ನಾಚ್ಕೆ ಆಗಲ್ವಾ?"

"ಮನೇಲಿ ಇವಳ ಮಗು ಐತೆ. ಅದಕ್ಕೂ ಅಂಟ್ಕೊಂಡ್ರೆ? ಇರೋ ರಾಗಿ ಹಿಟ್ಟೇ ಸಾಲ್ದು, ಇನ್ನೊಬ್ರು ಮಲಗಿದ್ರೆ ಯಾರು ನೋಡ್ತಾರೆ?" ಎಂದಳು ಬೈರಮ್ಮ.

"ತಟ್ಟೆಯಿಂದ ಅಂಟಲ್ಲ ಬೈರಕ್ಕ. ಕೆಮ್ಮಿದಾಗ ಗಾಳೀಲಿ ಅಂಟ್ತದೆ. ಬಾಯಿಗೆ ಬಟ್ಟೆ ಕಟ್ಕೊಳ್ಲಿ, ಗಾಳಿ ಬೆಳಕಿರೋ ಕಡೆ ಮಲಗ್ಲಿ. ಮಗೀಗೂ ನಿಮ್ಗೂ ಪರೀಕ್ಷೆ ಮಾಡಿಸ್ರಿ. ಮಾತ್ರೆ ತಪ್ಪದೆ ನುಂಗಿದ್ರೆ ಅಂಟೋದೂ ಕಮ್ಮಿ ಆಗ್ತದೆ."

ಗೋಡೆಗೆ ಒರಗಿದ್ದ ನಾಗವೇಣಿ ಮೆಲ್ಲಗೆ ಹೇಳಿದಳು: "ಆಸ್ಪತ್ರೇಲಿ ಕೊಟ್ಟಿದ್ದ ಮಾತ್ರೆ ಬಿಟ್ಬುಟ್ಟೆ ಅಕ್ಕ. ನಾನೇ ಇಲ್ದಂಗಾದ್ರೆ ಮಗೀಗೆ ಒಂದು ಮುದ್ದೆ ಉಳೀತದೆ."

ಬೈರಮ್ಮ ಗಂಟು ಕೆಳಗಿಟ್ಟು ಸೊಸೆಯ ಕೈ ಹಿಡಿದು ಅತ್ತಳು. "ಅಂಗನ್ಬೇಡ ಕಣವ್ವ. ಇರೋದನ್ನೇ ಹಂಚ್ಕೊಂಡು ತಿನ್ನಾಣ. ನೀನಿರ್ಬೇಕು."

"ಲಕ್ಷ್ಮೀಪತಿ, ಬೈಕ್ ಸರ್ಕಾರಿ ಆಸ್ಪತ್ರೆ ಕಡೆ ತಿರುಗ್ಸು," ಎಂದಳು ಶಶಿರೇಖಾ. "ಮಾತ್ರೆ ಬಿಟ್ಟಿದ್ದನ್ನೂ, ಬದುಕೋ ಮನಸ್ಸಿಲ್ಲ ಅಂದಿದ್ದನ್ನೂ ಡಾಕ್ಟರಿಗೆ ಮುಚ್ಚಿಡ್ದೆ ಹೇಳು. ಮದ್ದಿಗೆ ಕಾಸು ಕೊಡಂಗಿಲ್ಲ. ಊಟಕ್ಕೂ ಸರ್ಕಾರದ ನೆರವೈತೆ, ಕೇಳ್ಲಾ."

ಆಸ್ಪತ್ರೆಗೆ ಹೋಗಿ ಬಂದ ಮೇಲೆ, ಸಂಜೆಗೆ ನಾಗವೇಣಿಯ ಚಾಪೆ ಗಾಳಿಯಾಡುವ ಪಡಸಾಲೆಗೆ ಬಂತು. ಮಾತ್ರೆಯನ್ನು ಅತ್ತೆಯೇ ಎದುರು ಕೂತು ನುಂಗಿಸಿದಳು.

ಅಕ್ಕಂದಿರೇ, ಅಣ್ಣಂದಿರೇ, ಎರಡು ವಾರ ದಾಟಿದ ಕೆಮ್ಮಿದ್ದರೆ ಇಂದೇ ಕಫ ಪರೀಕ್ಷೆ ಮಾಡಿಸಿ. ಮೈ ಚೇತರಿಸಿತೆಂದು ಮಾತ್ರೆ ನಡುವೆ ಬಿಡಬೇಡಿ. ಬಿಟ್ಟರೆ ರೋಗ ಮದ್ದಿಗೇ ಬಗ್ಗದಂತಾಗುತ್ತದೆ. ಬಡತನ ಎಷ್ಟೇ ಹಿಂಡಲಿ, ಕಾಯಿಲೆಯವರನ್ನು ಹೊಸಿಲಾಚೆ ತಳ್ಳಬೇಡಿ. ಸಾಯುವ ಮಾತಾಡಿದರೆ ಒಬ್ಬರನ್ನೇ ಬಿಡಬೇಡಿ. ಮಾತ್ರೆ ಆಸ್ಪತ್ರೆಯಲ್ಲಿ ಸಿಗುತ್ತದೆ. ಬದುಕಬೇಕೆನ್ನುವ ಆಸೆಯನ್ನು ಮನೆಯವರೇ ಕೊಡಬೇಕು.