ನರ್ಸಿಂಗ್ ಹೋಮ್ ಗೇಟಿನಲ್ಲಿ ಮಡಿಲಕ್ಕಿ

ಕಲಾವತಿಗೆ ಸಿಟ್ಟು ಬಂದದ್ದು ಮಾವನ ಮೇಲೋ ಅತ್ತೆಯ ಮೇಲೋ ಎಂದು ಕೇಳಿದರೆ, ಇಬ್ಬರ ಮೇಲೂ ಎನ್ನಬೇಕು. ಒಬ್ಬರ ಮೇಲೆ ಹೆಚ್ಚು, ಇನ್ನೊಬ್ಬರ ಮೇಲೆ ಕಡಿಮೆ ಎಂಬ ಭೇದ ಅವಳು ಮಾಡಲಿಲ್ಲ.

ಬ್ಯಾಟರಾಯನಪುರದ ಆಚೆಯ ಆ ವಾರ್ಡು ಮಹಿಳೆಗೆ ಮೀಸಲು. ಹಾಗಾಗಿ ಕಾರ್ಪೊರೇಟರ್ ಅವಳ ಅತ್ತೆ ದ್ರೌಪದಮ್ಮ. ಆದರೆ ಕಾರ್ಪೊರೇಟರ್ ಕುರ್ಚಿಯಲ್ಲಿ ಕೂರುವವನು, ಫೋನ್ ಎತ್ತುವವನು, ಎಂಜಿನಿಯರನ್ನು ಬೈಯುವವನು ಮಾವ ಮುನಿಆಂಜಿನಪ್ಪ. ಸಹಿ ಹಾಕುವುದೊಂದೇ ದ್ರೌಪದಮ್ಮನ ಪಾಲಿನ ಆಡಳಿತ. ವಾರ್ಡ್ ಸಮಿತಿ ಮಾಡಲೇಬೇಕೆಂದು ಮೇಲಿನಿಂದ ಒತ್ತಡ ಬಂದಾಗ ಮುನಿಆಂಜಿನಪ್ಪ ತನ್ನವರನ್ನೇ ತುಂಬಿಸಿ, ಹೆಂಗಸರ ಜಾಗಕ್ಕೆ ಸೊಸೆಯ ಹೆಸರು ಬರೆಸಿದ್ದ. ಹೇಳಿದಾಗ ಕೈ ಎತ್ತಲು ಒಬ್ಬಳು ಬೇಕಿತ್ತು, ಅಷ್ಟೆ.

ಮುಂದಿನ ವರ್ಷ ಪಾಲಿಕೆ ಚುನಾವಣೆ. ಹೆಂಡತಿಯ ಹೆಸರು ಜನರ ಬಾಯಲ್ಲಿರಲಿ ಎಂದು ಅವನು ಹೂಡಿದ ಆಟವೇ ಮಡಿಲು ತುಂಬುವ ಕಾರ್ಯಕ್ರಮ. ಮುಖ್ಯರಸ್ತೆಯ ಡಾಕ್ಟರಮ್ಮನ ನರ್ಸಿಂಗ್ ಹೋಮಿನಲ್ಲಿ ಹೆರಿಗೆಯೂ ಆಗುತ್ತದೆ, ಗರ್ಭ ತೆಗೆಸುವುದೂ ಆಗುತ್ತದೆ. ಎರಡೂ ಕಾನೂನಿನ ಪ್ರಕಾರವೇ. ಅದರ ಗೇಟಿನ ಪಕ್ಕದಲ್ಲೇ ಶಾಮಿಯಾನ ಎದ್ದಿತು. 'ಭ್ರೂಣಹತ್ಯೆ ತಡೆಯೋಣ' ಎಂಬ ಫ್ಲೆಕ್ಸಿನಲ್ಲಿ ಗಂಡಹೆಂಡಿರು ಕೈಮುಗಿದು ನಿಂತರು. ಹೆಣ್ಣೆಂದು ಗೊತ್ತುಮಾಡಿಕೊಂಡು ಕೊಲ್ಲಿಸುವ ನಿಜವಾದ ಪಾಪಿಗಳು ಸ್ಕ್ಯಾನಿಂಗ್ ಮಾಡಿಸುವುದು ಬೇರೆಲ್ಲೋ, ಕದ್ದುಮುಚ್ಚಿ. ಅವರನ್ನು ಹಿಡಿಯುವ ಉಸಾಬರಿ ಇವರಿಗೆ ಬೇಕಿರಲಿಲ್ಲ.

ಘೋಷಣೆಯಿಲ್ಲ, ಧಿಕ್ಕಾರವಿಲ್ಲ. ಒಳಗೆ ಹೋಗುವ ಪ್ರತಿ ಹೆಂಗಸನ್ನೂ ತಡೆದು, ಹಣೆಗೆ ಕುಂಕುಮವಿಟ್ಟು, ಮಡಿಲಿಗೆ ಅಕ್ಕಿ, ತೆಂಗಿನಕಾಯಿ, ರವಿಕೆ ಕಣ ಹಾಕಿ ಹರಸುವುದು. ದ್ರೌಪದಮ್ಮನಂಥ ಹಿರಿಯ ಮುತ್ತೈದೆ ಕೊಟ್ಟ ಮಡಿಲಕ್ಕಿಯನ್ನು ಬೇಡ ಎನ್ನಲು ಯಾವ ಹೆಣ್ಣಿಗೆ ಬಾಯಿ ಬರುತ್ತದೆ? ತೆಗೆದುಕೊಂಡ ಮೇಲೆ ಮನೆಗೆ ಒಯ್ದು, ದೇವರ ಮುಂದಿಟ್ಟು, ಬೇಯಿಸಿ ಉಣ್ಣಬೇಕು. ಅದನ್ನು ಮಡಿಲಲ್ಲಿ ಕಟ್ಟಿಕೊಂಡು ಗರ್ಭ ತೆಗೆಸಲು ಹೋಗುವವರುಂಟೇ? ಎಂಥ ಖದೀಮ ಬುದ್ಧಿ ನೋಡಿ! ಡಾಕ್ಟರಮ್ಮ ಠಾಣೆಗೆ ದೂರು ಕೊಟ್ಟರೆ, ಅರಿಶಿನ ಕುಂಕುಮ ಕೊಡುವವರ ಮೇಲೆ ಏನು ಕೇಸು ಹಾಕಲಿ ಎಂದು ಇನ್ಸ್‌ಪೆಕ್ಟರ್ ಕೈಚೆಲ್ಲಿಬಿಟ್ಟ.

ಕಲಾವತಿಯ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಅಕ್ಷಯಾ ಬಾಗಲಕೋಟೆ ಕಡೆಯವಳು. ಗಂಡ ಸಂಗಮೇಶನಿಗೆ ಪೀಣ್ಯದಲ್ಲಿ ಫ್ಯಾಕ್ಟರಿ ಕೆಲಸ. ಅವಳು ಎರಡು ಸಲ ಆ ಗೇಟಿನವರೆಗೆ ಹೋಗಿ, ಎರಡು ಸಲವೂ ಮಡಿಲು ತುಂಬಿಸಿಕೊಂಡು ಅಳುತ್ತಾ ವಾಪಸು ಬಂದಿದ್ದಳು. ಈ ಬಸಿರು ಅವಳಿಗೆ ಯಾಕೆ ಬೇಡ ಎಂದು ಕೇಳುವವರಿಗೆ ಇಲ್ಲಿ ಉತ್ತರ ಸಿಗುವುದಿಲ್ಲ. ಡಾಕ್ಟರಮ್ಮನಿಗೆ ಹೇಳಿದ್ದಾಳೆ, ಗಂಡನಿಗೆ ಗೊತ್ತಿದೆ. ಊರಿಗೆಲ್ಲ ಡಂಗುರ ಸಾರಬೇಕಾದ್ದೇನಿಲ್ಲ.

"ಅಕ್ಕಾರ, ಉಡಿ ತುಂಬಾಕ ಬಂದ್ರ ಒಲ್ಲೆ ಅಂತ ಹ್ಯಾಂಗ ಅನ್ನೂದ್ರಿ? ಅದೂ ಮನಿ ಮಾಲಕರು," ಎಂದು ಅಕ್ಷಯಾ ಮೆಟ್ಟಿಲ ಮೇಲೆ ಕೂತು ಕಣ್ಣೊರೆಸಿಕೊಂಡಳು. "ಮುಂದಿನ ವಾರ ದಾಟಿದ್ರ ಗುಳಿಗಿಂದ ಆಗಂಗಿಲ್ಲ, ಆಪರೇಷನ್ನ ಮಾಡಬೇಕು ಅಂದಾರ್ರಿ."

ಆ ಶನಿವಾರ ವಾರ್ಡ್ ಸಮಿತಿಯ ಸಭೆಯಲ್ಲಿ ಕಲಾವತಿ ಮೊದಲ ಬಾರಿಗೆ ಎದ್ದು ನಿಂತಳು.

"ನರ್ಸಿಂಗ್ ಹೋಮ್ ಗೇಟಿಂದ ನೂರು ಮೀಟರ್ ಒಳಗೆ ಯಾರೂ ಪೆಂಡಾಲ್ ಹಾಕ್ಬಾರ್ದು, ಬರೋ ಹೆಂಗಸರನ್ನ ತಡೀಬಾರ್ದು. ಹಂಗಂತ ಠರಾವು ಮಾಡಿ ಪಾಲಿಕೆಗೆ ಕಳಿಸ್ಬೇಕು."

ಮುನಿಆಂಜಿನಪ್ಪ ನಕ್ಕ. "ಅರಿಸಿನ ಕುಂಕುಮಕ್ಕೆ ನೂರು ಮೀಟ್ರಾ? ಅದೇನ್ ಬಾರ್ ಅಂಗಡಿ ಏನಮ್ಮ?"

"ಗುಡಿ ಹತ್ರ ಇದೆ ಅಂತ ಹಬೀಬುಲ್ಲಾ ಅವರ ಕೋಳಿ ಅಂಗಡಿ ಎತ್ತಿಸಿದ್ರಲ್ಲ ಮಾವ. ಆಗ ಗೆರೆ ಎಳೆಯಕ್ಕೆ ಬಂತು, ಈಗ ಬರಲ್ವಾ?"

ಎಂಜಿನಿಯರ್ ತಲೆಯೆತ್ತಿ ಫ್ಯಾನು ನೋಡತೊಡಗಿದ. ಸೊಸೆಯಿಂದ ನಾಲ್ಕು ಜನರೆದುರು ಮುಖಭಂಗವಾದ ಗಂಡಸಿನ ನಾಲಗೆಗೆ ಲಂಗುಲಗಾಮು ಇರುವುದಿಲ್ಲ.

"ಒಂದ್ ಮಗ ಕೊಡಕ್ಕೆ ಆಗ್ದಿರೋಳ್ಗೆ ಬಸ್ರಿ ಬಾಣ್ತೀರ ಇಸ್ಯ ಯಾಕಮ್ಮ? ಇಂಗೆಲ್ಲ ಮಾತಾಡ್ಬಾರ್ದು. ಕೂತ್ಕೊ."

ಒಂದಿಬ್ಬರು ನಕ್ಕರು. ದ್ರೌಪದಮ್ಮ ಸೀರೆಯ ಅಂಚು ನೋಡುತ್ತಾ ಕೂತಿದ್ದಳು. ಠರಾವು ಬಿದ್ದುಹೋಯಿತು. ಬಿದ್ದುಹೋಯಿತೆಂದು ಸಹಿ ಹಾಕಿದವಳೂ ಅವಳೇ.

ಮದುವೆಯಾಗಿ ಒಂಬತ್ತು ವರ್ಷ. ಮನೆಯಲ್ಲಿ ಸೀಮಂತವಾದರೆ ಕಲಾವತಿ ಅಡುಗೆಮನೆ ಬಿಟ್ಟು ಹೊರಬರುವಂತಿಲ್ಲ, ಆರತಿ ತಟ್ಟೆ ಮುಟ್ಟುವಂತಿಲ್ಲ. ಅವಳ ಮಡಿಲು ತುಂಬುವ ಮಾತಂತೂ ಕೇಳಬೇಡಿ. ಮಕ್ಕಳಿಲ್ಲದವಳಿಗೆ ತುಂಬಿದರೆ ತುಂಬಿದವರ ಮನೆಗೆ ಆಗಿಬರುವುದಿಲ್ಲ ಎಂದು ಅತ್ತೆಯ ನಂಬಿಕೆ. ಇಷ್ಟು ವರ್ಷ ಅವಳು ಅದನ್ನೆಲ್ಲ ನುಂಗಿಕೊಂಡಿದ್ದಳು. ಆ ರಾತ್ರಿ ನುಂಗಲಾಗಲಿಲ್ಲ. ಮೈಯೆಲ್ಲ ಉರಿಯಿತು.

ಸೋಮವಾರ ಬೆಳಗ್ಗೆ ಸಂಗಮೇಶನಿಗೆ ರಜೆ ಸಿಗಲಿಲ್ಲ. ಕಲಾವತಿ ಒಳ್ಳೆಯ ಸೀರೆಯುಟ್ಟು, ಅಕ್ಷಯಾಳ ಕೈ ಹಿಡಿದು ಹೊರಟಳು. ಹೆಬ್ಬಾಳದ ಕಡೆ ಹೋಗುವ ಬಸ್ಸುಗಳು ಟ್ರಾಫಿಕ್ಕಿನಲ್ಲಿ ಸಾಲಾಗಿ ನಿಂತಿದ್ದವು. ಗೇಟಿನಲ್ಲಿ ದ್ರೌಪದಮ್ಮ ತಟ್ಟೆ ಹಿಡಿದಿದ್ದಳು, ಹಿಂದೆ ವಾರ್ಡಿನ ಮಹಿಳಾ ಸಂಘದ ಹೆಂಗಸರು.

"ಬಾ ತಾಯಿ, ಸೆರಗೊಡ್ಡು," ಎಂದು ಅವಳು ಅಕ್ಷಯಾಳ ಹತ್ತಿರ ಬಂದಳು.

ಕಲಾವತಿ ನಡುವೆ ನುಗ್ಗಿ ತನ್ನ ಸೆರಗನ್ನು ಎರಡೂ ಕೈಯಲ್ಲಿ ಅಗಲಕ್ಕೆ ಹಿಡಿದಳು. "ಮುಂಚೆ ನನಗೆ ತುಂಬಿ ಅತ್ತೆ."

"ನೀನ್ಯಾಕೆ ಬಂದೆ ಇಲ್ಲಿಗೆ? ಅತ್ಲಾಗೆ ಓಗು."

"ಬೇಡ ಅನ್ನೋಕಾಗ್ದೆ ಅತ್ತೋರಿಗೆಲ್ಲ ತುಂಬಿದ್ರಿ. ನಾನು ಬೇಕು ಅಂತಿದ್ದೀನಿ. ತುಂಬಿ."

ದ್ರೌಪದಮ್ಮ ತಟ್ಟೆಯನ್ನು ಎದೆಗೆಳೆದುಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು. ಹಿಂದಿನಿಂದ ಯಾರೋ, "ಬ್ಯಾಡ ಕಣಕ್ಕ, ಎಡವಟ್ಟಾಯ್ತದೆ," ಎಂದರು. ತಟ್ಟೆ ಇಸಿದುಕೊಳ್ಳಲು ಒಬ್ಬಳೂ ಮುಂದೆ ಬರಲಿಲ್ಲ. ಬಸ್ಸಿನ ಕಿಟಕಿಗಳಲ್ಲಿ ಮುಖಗಳು ತುಂಬಿಕೊಂಡವು.

"ಅಕ್ಷಯಾ, ಏನು ನೋಡ್ತಾ ನಿಂತೆ? ಒಳಗೆ ಹೋಗು," ಎಂದಳು ಕಲಾವತಿ, ತಿರುಗಿ ನೋಡದೆ. ಬೆನ್ನ ಹಿಂದೆ ಚಪ್ಪಲಿಯ ಸದ್ದು ಗೇಟು ದಾಟಿ ಹೋಯಿತು. ಯಾರೂ ತಡೆಯಲಿಲ್ಲ. ಎಲ್ಲರ ಕಣ್ಣೂ ಆ ಬರಿ ಸೆರಗಿನ ಮೇಲಿತ್ತು.

"ಮನೆ ಮರ್ವಾದೆ ಬೀದಿಗೆ ತಂದ್ಯಲ್ಲೇ," ಎಂದಳು ದ್ರೌಪದಮ್ಮ.

"ಈ ಪೆಂಡಾಲ್ ಇರೋ ತನಕ ದಿನಾ ಬರ್ತೀನಿ ಅತ್ತೆ. ಯಾರೇ ಬರ್ಲಿ, ಮೊದಲು ನನ್ನ ಮಡಿಲು, ಆಮೇಲೆ ಅವರದು. ಹಾಕಿ, ಕೈ ನೋಯ್ತಿದೆ."

ದ್ರೌಪದಮ್ಮ ಒಂದು ಹಿಡಿ ಅಕ್ಕಿ ಎತ್ತಿಕೊಂಡಳು. ಮುಷ್ಟಿ ಸೊಸೆಯ ಸೆರಗಿನ ಮೇಲೆ ಬಂದು ನಿಂತಿತು, ಬಿಚ್ಚಲಿಲ್ಲ. ಒಳಗೆ ನರ್ಸು ಅಕ್ಷಯಾಳ ಹೆಸರು ಕೂಗಿದ್ದು ಹೊರಗಿನವರೆಗೂ ಕೇಳಿಸಿತು.